ದುಡಿಮೆಯ ಎಟಿವಿ: ನಿಧಾನವಾಗಿ ಬದಲಾದ ವಿನ್ಯಾಸವನ್ನು ಓದಿ, ಗಾಡಿಯನ್ನು ದಶಕಗಳ ಕಾಲ ಬಾಳಿಸುವ ಬಗೆ

ಹೋಂಡಾದ ದುಡಿಮೆಯ ಎಟಿವಿಗಳಿಗೆ (ಎಂಥ ನೆಲದ ಮೇಲೂ ಓಡುವ, ಹ್ಯಾಂಡಲ್ ಹಿಡಿದು ಸವಾರಿ ಮಾಡುವ ಗಾಡಿಗಳಿಗೆ) ಹಾಕುವ ಆಯಿಲ್ ಫಿಲ್ಟರಿನ ಪೆಟ್ಟಿಗೆಯ ಮೇಲೆ 15412-ಎಚ್‌ಎಂ5-ಎ10 ಎಂಬ ಸಂಖ್ಯೆ ಮುದ್ರಿತವಾಗಿರುತ್ತದೆ. ಈ ಕಂಪನಿಯ ಬಿಡಿಭಾಗಗಳ ಸಂಖ್ಯೆಯಲ್ಲಿ ಮೊದಲ ತುಂಡು ಅದು ಯಾವ ಬಗೆಯ ಭಾಗ ಎಂಬುದನ್ನು ತಿಳಿಸಿದರೆ, ನಡುವಿನ ತುಂಡು ಆ ಭಾಗವನ್ನು ಮೊದಲು ಯಾವ ಗಾಡಿಗಾಗಿ ರೂಪಿಸಲಾಯಿತು ಎಂಬುದನ್ನು ತಿಳಿಸುತ್ತದೆ. ಎಚ್‌ಎಂ5 ಎಂಬುದು 1988ರಿಂದ 2000ದವರೆಗೆ ಮಾರಾಟವಾದ ಟಿಆರ್‌ಎಕ್ಸ್300 ಮಾದರಿಯ ಕಾಲದ ಗುರುತು. ಆ ಮಾದರಿ ನಿಂತುಹೋಗಿ ಎಷ್ಟೋ ವರ್ಷಗಳಾದ ಮೇಲೆ, 2007ರಲ್ಲಿ ಬಂದ ಹೋಂಡಾದ ರಾಂಚರ್ 420ಕ್ಕೂ ಅದೇ ಫಿಲ್ಟರ್ ಕೂರುತ್ತದೆ.

ಈ ಪುಟ್ಟ ಸಂಖ್ಯೆಯಲ್ಲಿ ಇಡೀ ವಾಹನವರ್ಗದ ಸ್ವಭಾವವೇ ಕಾಣುತ್ತದೆ. ಹೊಲ, ತೋಟ, ಕಾಡು, ಬೇಲಿ ದುರಸ್ತಿ, ಸೌದೆ ಸಾಗಣೆ ಮುಂತಾದ ಕೆಲಸಗಳಿಗೆ ಬಳಸುವ ಎಟಿವಿ ವರ್ಷವರ್ಷಕ್ಕೂ ಹೊಸ ಬಣ್ಣ, ಹೊಸ ಹೆಡ್‌ಲೈಟ್ ತೊಟ್ಟು ಬಂದರೂ ಅದರ ಒಳಗಿನ ಎಲುಬುಗೂಡು ಬದಲಾಗುವುದು ಬಹಳ ಅಪರೂಪ. ಆದ್ದರಿಂದ ಇಂಥ ಗಾಡಿಯನ್ನು ಕೊಳ್ಳುವವರು ಏನು ಹೊಸದಾಗಿ ಬಂದಿದೆ ಎಂದು ಕೇಳುವುದಕ್ಕಿಂತ, ಏನು ಬದಲಾಗದೆ ಉಳಿದಿದೆ, ಬದಲಾದದ್ದು ಯಾವ ಕಾರಣಕ್ಕೆ ಬದಲಾಯಿತು ಎಂದು ಕೇಳುವುದು ಮೇಲು. ಗಾಡಿಯ ಆರೈಕೆಗೂ ಇದೇ ಪ್ರಶ್ನೆ ದಾರಿ ತೋರಿಸುತ್ತದೆ; ಯಾವ ಭಾಗವನ್ನು ತಯಾರಕರು ಮತ್ತೆ ಮತ್ತೆ ತಿದ್ದಿದ್ದಾರೋ ಆ ಭಾಗದ ಮೇಲೆಯೇ ಮಾಲೀಕರ ಕಣ್ಣೂ ಇರಬೇಕು.

ಬದಲಾವಣೆಯ ದಾರಿ

1970ರಲ್ಲಿ ಹೋಂಡಾ ಹೊರತಂದ ಮೂರು ಚಕ್ರದ ಯುಎಸ್90, ಮುಂದೆ ಎಟಿಸಿ90 ಎಂಬ ಹೆಸರು ಪಡೆದ ಗಾಡಿ, ಮರಳು ಮತ್ತು ಹಿಮದ ಮೇಲೆ ಓಡಾಡುವ ಮೋಜಿನ ವಸ್ತುವಾಗಿತ್ತು. ಸುಜುಕಿಯ ಕ್ವಾಡ್‌ರನ್ನರ್ ಎಲ್‌ಟಿ125 ನಾಲ್ಕನೆಯ ಚಕ್ರವನ್ನು ತಂದದ್ದು 1983ರ ಮಾದರಿಯಾಗಿ. 1985ರಲ್ಲಿ ಪೊಲಾರಿಸ್ ಕಂಪನಿ ಟ್ರೇಲ್ ಬಾಸ್ ಮೂಲಕ ಬೆಲ್ಟಿನ ಸ್ವಯಂಚಾಲಿತ ಗೇರನ್ನೂ, 1986ರಲ್ಲಿ ಹೋಂಡಾ ತನ್ನ ಫೋರ್‌ಟ್ರ್ಯಾಕ್ಸ್ 350 ಮೂಲಕ ಶಾಫ್ಟಿನಿಂದ ನಾಲ್ಕೂ ಚಕ್ರ ತಿರುಗಿಸುವ ವ್ಯವಸ್ಥೆಯನ್ನೂ ಕೊಟ್ಟವು. 1988ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಸರ್ಕಾರ ಮತ್ತು ತಯಾರಕರ ನಡುವೆ ಆದ ಒಪ್ಪಂದದಿಂದ ಅಲ್ಲಿ ಮೂರು ಚಕ್ರದ ಗಾಡಿಗಳ ಮಾರಾಟ ನಿಂತಿತು. ಇಂದು ಹೊಲದಲ್ಲಿ ಕಾಣುವ ದುಡಿಮೆಯ ಎಟಿವಿಯ ಆಕಾರ ಹೆಚ್ಚುಕಡಿಮೆ ಆ ಐದಾರು ವರ್ಷಗಳಲ್ಲೇ ಗಟ್ಟಿಯಾಯಿತು.

ಆಮೇಲಿನ ಬದಲಾವಣೆಗಳು ಒಂದೊಂದಾಗಿ, ತಡವಾಗಿ ಬಂದವು. ನಾಲ್ಕೂ ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್ ಇದ್ದ ಸುಜುಕಿ ಕಿಂಗ್‌ಕ್ವಾಡ್ 1991ರಲ್ಲೇ ಬಂದಿದ್ದರೂ, ಪೊಲಾರಿಸ್ ಸ್ಪೋರ್ಟ್ಸ್‌ಮನ್ 500 ಅದೇ ಹಾದಿ ಹಿಡಿದದ್ದು 1996ರಲ್ಲಿ. ಹೋಂಡಾ ಅಂತೂ ಕೆಲವು ಮಾದರಿಗಳಲ್ಲಿ ಒಂದೇ ಅಚ್ಚಿನ ಗಟ್ಟಿ ಹಿಂಬದಿ ಆಕ್ಸಲ್ಲನ್ನು ಇಂದಿಗೂ ಕೈಬಿಟ್ಟಿಲ್ಲ. 2007ರಲ್ಲಿ ಯಮಹಾ ಗ್ರಿಜ್ಲಿ 700ಕ್ಕೆ ವಿದ್ಯುತ್ ಪವರ್ ಸ್ಟೀರಿಂಗ್ ಬಂತು. ಅದೇ ವರ್ಷ ರಾಂಚರ್ ಗಾಳಿಯಿಂದ ತಣಿಯುವ, ಕಾರ್ಬ್ಯುರೇಟರ್ ಇರುವ 350 ಸಿಸಿ ಎಂಜಿನ್ನನ್ನು ಬಿಟ್ಟು, ನೀರಿನಿಂದ ತಣಿಯುವ, ಇಂಧನವನ್ನು ಇಂಜೆಕ್ಟರಿನಿಂದ ಸಿಂಪಡಿಸುವ 420ಕ್ಕೆ ಹೊರಳಿತು. ಹೋಂಡಾದ ಫೋರ್‌ಮನ್ 500 ಎಂಬ ಹೆಸರಿನ 475 ಸಿಸಿ ಗಾಡಿ 518 ಸಿಸಿಗೆ ಬೆಳೆದು ಫೋರ್‌ಮನ್ 520 ಆದದ್ದು 2020ರಲ್ಲಿ.

ಈ ನಿಧಾನಕ್ಕೆ ಸೋಮಾರಿತನ ಕಾರಣವೆಂದು ನನಗನ್ನಿಸುವುದಿಲ್ಲ. ಕಾರುಗಳಿಗೆ ಹೋಲಿಸಿದರೆ ಈ ಗಾಡಿಗಳು ಮಾರಾಟವಾಗುವ ಸಂಖ್ಯೆ ಚಿಕ್ಕದು, ಅಚ್ಚುಗಳ ಖರ್ಚು ಮಾತ್ರ ದೊಡ್ಡದು. ಕೊಳ್ಳುವವರೂ ಬೆಳಗ್ಗೆ ಎದ್ದು ಗುಂಡಿ ಒತ್ತಿದರೆ ಗಾಡಿ ಶುರುವಾಗಬೇಕು ಎಂಬುದಕ್ಕಿಂತ ಹೆಚ್ಚೇನನ್ನೂ ಬಯಸುವವರಲ್ಲ. ಬದಲಾವಣೆಗೆ ಆತುರಪಟ್ಟಲ್ಲಿ ಅದರ ಬೆಲೆಯೂ ಕಂಡಿದೆ. 2001ರ ರುಬಿಕಾನ್ ಮಾದರಿಯಲ್ಲಿ ಹೋಂಡಾ ತಂದ, ಎಣ್ಣೆಯ ಒತ್ತಡದಿಂದಲೇ ವೇಗ ಬದಲಿಸುವ, ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ವ್ಯವಸ್ಥೆ ಬಹಳ ಜಾಣತನದ ರಚನೆಯಾಗಿತ್ತು. ಆದರೂ 2015ರ ಹೊಸ ರುಬಿಕಾನ್ ಬರುವ ಹೊತ್ತಿಗೆ ಅದನ್ನು ಕೈಬಿಟ್ಟು ಜೋಡಿ ಕ್ಲಚ್ಚಿನ ಗೇರ್‌ಬಾಕ್ಸನ್ನು ಹಾಕಲಾಯಿತು. ಎಟಿವಿಗಳ ಪೈಕಿ ಒಂದೇ ಮಾದರಿಯಲ್ಲಿ ಹುಟ್ಟಿ ಅಲ್ಲೇ ಕೊನೆಯಾದ ಇಂಥ ಭಾಗ ಎಷ್ಟೇ ಚೆನ್ನಾಗಿ ಕೆಲಸ ಮಾಡಲಿ, ಇಪ್ಪತ್ತು ವರ್ಷ ಬಾಳಿಸಬೇಕೆನ್ನುವವರಿಗೆ ಅದು ಒಂಟಿ ಮರ. ಬೇರೆ ಗಾಡಿಯಿಂದ ಬಿಡಿಭಾಗ ತಂದು ಕೂರಿಸುವ ದಾರಿ ಇರುವುದಿಲ್ಲ.

ಕಾನೂನಿನ ಒತ್ತಡದಿಂದ ಬರುವ ಬದಲಾವಣೆಯ ಲೆಕ್ಕವೇ ಬೇರೆ. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರಿನಿಂದ ಸಾಮಾನ್ಯ ಬಳಕೆಯ ಹೊಸ ಎಟಿವಿಗಳಿಗೆ ಮಗುಚಿದಾಗ ಸವಾರರನ್ನು ಕಾಯುವ ಚೌಕಟ್ಟು ಮತ್ತು ನಿಗದಿತ ಸ್ಥಿರತೆ ಕಡ್ಡಾಯವಾದಾಗ ಕೆಲವು ದೊಡ್ಡ ತಯಾರಕರು ಆ ಮಾರುಕಟ್ಟೆಯನ್ನೇ ತೊರೆದರು. ಇಂಥ ಬದಲಾವಣೆ ಸವಾರರ ಜೀವಕ್ಕೆ ಸಂಬಂಧಿಸಿದ್ದೇ ಹೊರತು ಯಂತ್ರದ ಬಾಳಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಬಿಡಿಭಾಗಗಳ ಸಂಖ್ಯೆಯನ್ನು ಓದುವುದು

ಬಾಳಿಕೆಯ ಬಗ್ಗೆ ನಿಜವಾದ ಸುಳಿವು ಇರುವುದು ತಯಾರಕರು ಸದ್ದಿಲ್ಲದೆ ಮಾಡುವ ತಿದ್ದುಪಡಿಗಳಲ್ಲಿ. ಮೊದಲು ಗಾಡಿ ಯಾವ ವರ್ಷದ್ದು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಚೌಕಟ್ಟಿನ ಮೇಲೆ ಕೊರೆದ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಲ್ಲಿ, ಅಮೆರಿಕದ ಪದ್ಧತಿಯಂತೆ, ಹತ್ತನೆಯದು ಮಾದರಿಯ ವರ್ಷವನ್ನು ಹೇಳುತ್ತದೆ: 2001ರಿಂದ 2009ರವರೆಗೆ 1ರಿಂದ 9, 2010ಕ್ಕೆ ಎ, 2014ಕ್ಕೆ ಇ, 2020ಕ್ಕೆ ಎಲ್, ಹೀಗೆ. ಮಾರುವವರ ಮಾತಿನ ವರ್ಷಕ್ಕೂ ಈ ಅಕ್ಷರದ ವರ್ಷಕ್ಕೂ ಒಂದೆರಡು ವರ್ಷದ ವ್ಯತ್ಯಾಸ ಬರುವುದು ಅಪರೂಪವೇನಲ್ಲ, ಮತ್ತು ಆ ಒಂದೆರಡು ವರ್ಷದೊಳಗೇ ಒಂದು ತಲೆಮಾರು ಮುಗಿದು ಇನ್ನೊಂದು ಶುರುವಾಗಿರಬಹುದು.

ಆಮೇಲೆ ತಯಾರಕರ ಬಿಡಿಭಾಗಗಳ ಚಿತ್ರಪಟ್ಟಿಯನ್ನು ತೆರೆದು, ಒಂದೇ ತಲೆಮಾರಿನ ಮೊದಲ ವರ್ಷ, ಮೂರನೆಯ ವರ್ಷ ಮತ್ತು ಕೊನೆಯ ವರ್ಷದ ಪುಟಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಬೇಕು. ಎಲ್ಲವನ್ನೂ ಹೋಲಿಸುವ ಅಗತ್ಯವಿಲ್ಲ. ಹಿಂಬದಿ ಆಕ್ಸಲ್ ಮತ್ತು ಅದರ ಸೀಲುಗಳು, ಮುಂಬದಿ ಡಿಫರೆನ್ಷಿಯಲ್ (ಎಡಬಲದ ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ ಪೆಟ್ಟಿಗೆ), ವಾಟರ್ ಪಂಪ್, ಚಾರ್ಜಿಂಗ್ ಸುರುಳಿ, ರೆಗ್ಯುಲೇಟರ್, ಇಂಧನದ ಪಂಪ್ ಮತ್ತು ವೈರಿಂಗ್ ಜಾಲ ಇಷ್ಟನ್ನು ನೋಡಿದರೆ ಸಾಕು. ಸಂಖ್ಯೆಯ ಕೊನೆಯ ತುಂಡು ಎ01 ಇದ್ದದ್ದು ಎ02 ಆಗಿದ್ದರೆ ಅಲ್ಲಿ ಏನನ್ನೋ ತಿದ್ದಿದ್ದಾರೆ. ಹಳೆಯ ಸಂಖ್ಯೆ ಕೇಳಿದರೆ ಅದರ ಬದಲು ಹೊಸ ಸಂಖ್ಯೆಯ ಭಾಗವನ್ನೇ ಕೊಡುತ್ತಾರೆ ಎಂದಾದರೆ ಹಳೆಯದರಲ್ಲಿ ಕೊರತೆ ಇತ್ತು ಎಂದೋ, ಕನಿಷ್ಠ ಹೊಸದು ಹಳೆಯದರ ಜಾಗದಲ್ಲಿ ಸರಿಯಾಗಿ ಕೂರುತ್ತದೆ ಎಂದೋ ತಿಳಿಯಬಹುದು. ಒಂದೇ ಸೀಲು ಐದು ವರ್ಷದಲ್ಲಿ ಮೂರು ಸಲ ಬದಲಾಗಿದ್ದರೆ ಅದು ಕಾಡಿದ ಜಾಗ. ಹದಿನೈದು ವರ್ಷ ಒಂದೇ ಸಂಖ್ಯೆಯಲ್ಲಿ ಉಳಿದ ಭಾಗ ಸಾಮಾನ್ಯವಾಗಿ ಒಳ್ಳೆಯದೇ ಆಗಿರುತ್ತದೆ, ತಯಾರಕರು ಅದನ್ನು ಮರೆತೇಬಿಟ್ಟಿದ್ದರೆ ಬೇರೆ ಮಾತು.

ಈ ಹೋಲಿಕೆಯಿಂದ ಕೊಳ್ಳುವವರಿಗೆ ಒಂದು ಸರಳ ನಿಯಮ ಸಿಗುತ್ತದೆ: ಯಾವುದೇ ತಲೆಮಾರಿನ ಮೊದಲ ವರ್ಷದ ಗಾಡಿಯನ್ನು ಬಿಟ್ಟು, ಮೂರನೆಯ ವರ್ಷದ ನಂತರದ್ದನ್ನು ಹುಡುಕುವುದು. ಮೊದಲ ವರ್ಷದ್ದೇ ಅಗ್ಗವಾಗಿ ಸಿಕ್ಕರೆ ಕೊಳ್ಳಬಾರದೆಂದಿಲ್ಲ; ಆದರೆ ತಿದ್ದುಪಡಿಯಾದ ಭಾಗಗಳನ್ನೆಲ್ಲ ಮುಂದೆ ನಾವೇ ಹಾಕಿಸಬೇಕಾಗುತ್ತದೆ ಎಂಬ ಖರ್ಚನ್ನು ಬೆಲೆಯೊಂದಿಗೆ ಕೂಡಿಸಿಕೊಳ್ಳಬೇಕು.

ಕಂಪನಿಯ ಸಂಖ್ಯೆ ಇಲ್ಲದಿದ್ದರೂ ಸಿಗುವ ಭಾಗಗಳು ಎಷ್ಟಿವೆ ಎಂಬುದನ್ನೂ ಗಮನಿಸಬೇಕು. ಚಕ್ರದ ಬೇರಿಂಗನ್ನು ಬಿಚ್ಚಿ ಒರೆಸಿದರೆ ಹೊರ ಉಂಗುರದ ಮೇಲೆ ಸಾಮಾನ್ಯವಾಗಿ ಒಂದು ಸಂಖ್ಯೆ ಕಾಣುತ್ತದೆ. ಅದು 6205 ಎಂದಿದ್ದರೆ ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52, ಅಗಲ 15 ಎಂದರ್ಥ. ಹಿಂದೆ 2ಆರ್‌ಎಸ್ ಎಂದಿದ್ದರೆ ಎರಡೂ ಬದಿಗೆ ರಬ್ಬರ್ ಮುಚ್ಚಳ ಇದೆ ಎಂದರ್ಥ. ಇದೇ ಅಳತೆಯ ಬೇರಿಂಗು ಪಂಪು, ಮೋಟಾರು, ಗಿರಣಿಗಳಲ್ಲೂ ಇರುವುದರಿಂದ ಗಾಡಿಯ ಕಂಪನಿಯೇ ಮುಚ್ಚಿಹೋದರೂ ಇದಕ್ಕೆ ಕೊರತೆ ಬರುವುದಿಲ್ಲ. ಬೇರಿಂಗು, ಹಬ್ಬು ಎಲ್ಲ ಸೇರಿ ಒಂದೇ ಗಡ್ಡೆಯಾಗಿ ಬರುವ ರಚನೆಯಲ್ಲಿ ಈ ಅನುಕೂಲ ಇಲ್ಲ.

ಗೇರೋ, ಬೆಲ್ಟೋ

ಗಾಡಿಯ ಆಯುಷ್ಯವನ್ನು ಎಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವ ದಾರಿ. ಹೋಂಡಾದ ಗೇರಿನ ಗಾಡಿಗಳಲ್ಲಿ ಕ್ರ್ಯಾಂಕ್ ಶಾಫ್ಟ್ ಗಾಡಿಯ ಉದ್ದಕ್ಕೆ ಕೂರುತ್ತದೆ. ಅದರಿಂದ ಹೊರಡುವ ಶಕ್ತಿ ನಡುವೆ ಎಲ್ಲೂ ಅಡ್ಡ ತಿರುಗದೆ ನೇರವಾಗಿ ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ಲಿಗೆ ಹೋಗುತ್ತದೆ. ವೇಗ ಹೆಚ್ಚಿದಂತೆ ತಾನೇ ಹಿಡಿಯುವ ಒಂದು ಕ್ಲಚ್ಚು, ಗೇರ್ ಬದಲಿಸುವಾಗ ಬಿಡಿಸುವ ಇನ್ನೊಂದು ಕ್ಲಚ್ಚು, ಎರಡೂ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಈ ರಚನೆಯನ್ನು ಮಾಲೀಕರು ವರ್ಷಗಟ್ಟಲೆ ಮರೆತೇ ಇರಬಹುದು.

ಬೆಲ್ಟಿನ ಸಿವಿಟಿಯಲ್ಲಿ, ಅಂದರೆ ಗೇರಿನ ಬದಲು ಎರಡು ಪುಲ್ಲಿ ಮತ್ತು ಬೆಲ್ಟಿನಿಂದ ತಾನೇ ವೇಗ ಹೊಂದಿಸುವ ರಚನೆಯಲ್ಲಿ, ಸುಖ ಹೆಚ್ಚು, ಆದರೆ ಬೆಲ್ಟು ಸವೆದೇ ಸವೆಯುವ ವಸ್ತು ಎಂದು ಒಪ್ಪಿಕೊಂಡೇ ಕೊಳ್ಳಬೇಕು. ಸಾಮಾನ್ಯ ರಚನೆಯಲ್ಲಿ ಎಂಜಿನ್ ನಿಧಾನವಾಗಿ ತಿರುಗುವಾಗ ಮುಂದಿನ ಪುಲ್ಲಿಯಲ್ಲಿ ಬೆಲ್ಟು ಸಡಿಲವಾಗಿರುತ್ತದೆ. ವೇಗ ಏರಿದಂತೆ ಪುಲ್ಲಿಯ ಎರಡು ತಟ್ಟೆಗಳು ಹತ್ತಿರ ಬಂದು ಅದನ್ನು ಹಿಡಿಯುತ್ತವೆ. ಭಾರವನ್ನು ನಿಧಾನವಾಗಿ ಎಳೆಯುವಾಗ ಆ ಹಿಡಿತ ಪೂರ್ತಿ ಆಗದೆ ಬೆಲ್ಟು ಉಜ್ಜಿ ಕಾಯುತ್ತದೆ. ಟ್ರೇಲರ್ ಎಳೆಯುವಾಗ, ಏರು ಹತ್ತುವಾಗ, ಕೆಸರಿನಲ್ಲಿ ತೆವಳುವಾಗ ಲೋ ರೇಂಜ್ (ನಿಧಾನದ, ಹೆಚ್ಚು ಬಲದ ಗೇರ್) ಹಾಕುವುದರಿಂದ ಮಾತ್ರ ಇದನ್ನು ತಡೆಯಬಹುದು. ಚಕ್ರ ಹೂತು ನಿಂತಿರುವಾಗ ಆಕ್ಸಿಲರೇಟರ್ ಒತ್ತಿ ಹಿಡಿದರೆ ಬೆಲ್ಟಿನ ಒಂದೇ ಜಾಗ ಸುಟ್ಟು ಅಲ್ಲಿ ಸೊಂಟದಂತೆ ಕಿರಿದಾಗುತ್ತದೆ; ಆಮೇಲೆ ಪ್ರತಿ ಸುತ್ತಿಗೂ ಗಾಡಿ ದಡದಡ ಎನ್ನುತ್ತದೆ. ಯಮಹಾದ ಅಲ್ಟ್ರಾಮ್ಯಾಟಿಕ್ ರಚನೆ ಈ ತೊಂದರೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿದೆ: ಅಲ್ಲಿ ಬೆಲ್ಟು ಯಾವಾಗಲೂ ಬಿಗಿಯಾಗಿರುತ್ತದೆ, ಜಾರುವ ಕೆಲಸವನ್ನು ಆಯಿಲಿನಲ್ಲಿ ಮುಳುಗಿದ ಪ್ರತ್ಯೇಕ ಕ್ಲಚ್ಚು ಹೊರುತ್ತದೆ. ಬೆಲ್ಟಿನ ಗಾಡಿಯೇ ಬೇಕು, ಹೆಚ್ಚು ಕಾಲ ಬಾಳಬೇಕು ಎನ್ನುವವರಿಗೆ ಈ ಬಗೆಯದೇ ಸರಿ ಎಂಬುದು ನನ್ನ ಅಭಿಪ್ರಾಯ.

ಹಿಂಬದಿಯಲ್ಲಿ ಗಟ್ಟಿ ಆಕ್ಸಲ್ ಬೇಕೋ, ಪ್ರತ್ಯೇಕ ಸಸ್ಪೆನ್ಷನ್ ಬೇಕೋ ಎಂಬುದನ್ನು ಕೀಲುಗಳನ್ನು ಎಣಿಸಿ ತೀರ್ಮಾನಿಸಬಹುದು. ಗಟ್ಟಿ ಆಕ್ಸಲ್ಲಿನಲ್ಲಿ ಸವೆಯುವುದು ಕೆಲವು ಬೇರಿಂಗುಗಳು, ಸೀಲುಗಳು ಮತ್ತು ಸ್ವಿಂಗ್ ಆರ್ಮಿನ (ಆಕ್ಸಲ್ಲನ್ನು ಚೌಕಟ್ಟಿಗೆ ಜೋಡಿಸುವ ತೋಳಿನ) ಬುಡ. ಪ್ರತ್ಯೇಕ ಸಸ್ಪೆನ್ಷನ್ ಎಂದರೆ ಹಿಂಬದಿಯೊಂದರಲ್ಲೇ ಎರಡು ಅರೆ ಶಾಫ್ಟು, ನಾಲ್ಕು ಸಿವಿ ಕೀಲು (ಶಾಫ್ಟು ಬಾಗಿದರೂ ಸಮವಾಗಿ ತಿರುಗಿಸುವ ಕೀಲು), ಅವನ್ನು ಕಾಯುವ ನಾಲ್ಕು ರಬ್ಬರ್ ತೊಡುಗೆ, ಎ-ಆರ್ಮುಗಳ (ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ತ್ರಿಕೋನದ ತೋಳುಗಳ) ಬುಷ್‌ಗಳು. ದಿನವಿಡೀ ಕಲ್ಲುಗುಂಡಿನ ದಾರಿಯಲ್ಲಿ ಕೂರುವವರ ಬೆನ್ನಿಗೆ ಈ ಎರಡನೆಯದೇ ಬೇಕು. ಮುಖ್ಯವಾಗಿ ಭಾರ ಹೊತ್ತು ಮೆಲ್ಲಗೆ ಓಡಾಡುವವರಿಗೆ ಮೊದಲನೆಯದು ಸಾಕು, ಹಿಂದೆ ಭಾರ ಹೇರಿದಾಗ ಕುಸಿಯುವುದೂ ಕಡಿಮೆ.

ಹಳೆಯ ಗಾಡಿಯನ್ನು ನೋಡುವುದು

ಗಾಡಿ ನೋಡಲು ಹೋಗುವ ಮೊದಲೇ, ಎಂಜಿನ್ ಶುರು ಮಾಡದೆ ತಣ್ಣಗೆ ಇಟ್ಟಿರಬೇಕೆಂದು ತಿಳಿಸಿರಬೇಕು, ಮತ್ತು ಹೋದ ಕೂಡಲೇ ಎಂಜಿನ್ನಿಗೆ ಕೈ ಇಟ್ಟು ನೋಡಬೇಕು. ಬೆಚ್ಚಗಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಕಾರಣಗಳಲ್ಲಿ ಮುಖ್ಯವಾದದ್ದು ವಾಲ್ವ್. ಕಾಲ ಕಳೆದಂತೆ ವಾಲ್ವು ತನ್ನ ಪೀಠದೊಳಗೆ ತಿಂದುಕೊಂಡು ಹೋಗಿ ಅದರ ಎಡೆ ಕಿರಿದಾಗುತ್ತದೆ, ಪೂರ್ತಿ ಮುಚ್ಚದೆ ತಣ್ಣಗಿರುವಾಗ ಎಂಜಿನ್ ಹಿಡಿಯಲು ಸತಾಯಿಸುತ್ತದೆ. ಟಕಟಕ ಎನ್ನುವ ವಾಲ್ವಿಗೆ ಎಲ್ಲರೂ ಹೆದರುತ್ತಾರೆ. ನಾನು ಹೆದರುವುದು ತೀರ ಸದ್ದಡಗಿದ ವಾಲ್ವಿಗೆ.

ಮೀಟರಿನಲ್ಲಿ ಕಿಲೋಮೀಟರ್ ಮತ್ತು ಗಂಟೆ ಎರಡೂ ಇದ್ದರೆ ಒಂದನ್ನು ಇನ್ನೊಂದರಿಂದ ಭಾಗಿಸಬೇಕು. 6,000 ಕಿಲೋಮೀಟರ್, 800 ಗಂಟೆ ಎಂದಿದ್ದರೆ ಸರಾಸರಿ ವೇಗ ಗಂಟೆಗೆ ಏಳೂವರೆ ಕಿಲೋಮೀಟರ್. ಇದು ನಿಂತು ಸಿಂಪಡಣೆ ಮಾಡಿದ, ಭಾರ ಎಳೆದ, ವಿಂಚ್ (ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರ) ಹಾಕಿದ ಗಾಡಿ, ಇದರ ಕಿಲೋಮೀಟರನ್ನು ನಂಬದೆ ಗಂಟೆಯನ್ನೇ ನಂಬಬೇಕು. ಅದೇ 6,000ಕ್ಕೆ 240 ಗಂಟೆ ಎಂದಿದ್ದರೆ ಸರಾಸರಿ 25, ಅಂದರೆ ವೇಗವಾಗಿ ಓಡಿಸಿದ್ದಾರೆ; ಅಲ್ಲಿ ಕೀಲು, ಬುಷ್, ಶಾಕ್ ಅಬ್ಸಾರ್ಬರುಗಳ ಕಡೆಗೆ ಕಣ್ಣು ಹೋಗಬೇಕು.

ಸೀಟು ಎತ್ತಿ ಏರ್ ಬಾಕ್ಸ್ ತೆರೆದು, ಫಿಲ್ಟರ್ ತೆಗೆದು, ಅದರ ಹಿಂದೆ ಎಂಜಿನ್ನಿನ ಕಡೆಗೆ ಹೋಗುವ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಬೇಕು. ಫಿಲ್ಟರ್ ಎಷ್ಟೇ ಕೊಳೆಯಾಗಿರಲಿ ಚಿಂತೆಯಿಲ್ಲ, ಅದರ ಕೆಲಸವೇ ಅದು. ಬಟ್ಟೆಗೆ ನುಣ್ಣನೆಯ ಧೂಳು ಅಂಟಿದರೆ ಮಾತ್ರ ಆ ಧೂಳು ಎಂಜಿನ್ ಆಯಿಲಿನೊಡನೆ ಸೇರಿ ಪಿಸ್ಟನ್ ರಿಂಗುಗಳನ್ನು ಅರದಂತೆ ಉಜ್ಜಿದೆ ಎಂದು ತಿಳಿದು, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಅದುಮುವ ಒತ್ತಡ) ಅಳೆಯದೆ ಮಾತು ಮುಂದುವರಿಸಬಾರದು. ಹಿಂದಿನ ಡಿಫರೆನ್ಷಿಯಲ್ಲಿನ ಆಯಿಲ್ ತುಂಬುವ ಬಿರಡೆಯನ್ನು ಬಿಚ್ಚಿ ಬೆರಳು ಅದ್ದಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಒಳಗೆ ನೀರು ಸೇರಿದೆ. ಗಾಡಿಯನ್ನು ಜ್ಯಾಕಿನಿಂದ ಎತ್ತಿ, ಚಕ್ರದ ತುದಿ ಮತ್ತು ಬುಡ ಹಿಡಿದು ಅಲುಗಿಸಿದಾಗ ಸದ್ದು ಬಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಬಲ ಹಿಡಿದು ಅಲುಗಿಸಿದಾಗ ಬಂದರೆ ಟೈ ರಾಡ್.

ಮುಚ್ಚಿದ ಡ್ರಮ್ ಬ್ರೇಕ್ ಇರುವ ಗಾಡಿಯಾದರೆ ಅದನ್ನು ತೆರೆಸದೆ ಕೊಳ್ಳಬಾರದು ಎಂಬುದನ್ನು ನಾನು ದುಡ್ಡು ತೆತ್ತು ಕಲಿತೆ. ನಾನು ಕೊಂಡ ಮೊದಲ ಹಳೆಯ ಎಟಿವಿಯ ಬಣ್ಣ ಫಳಫಳ ಹೊಳೆಯುತ್ತಿತ್ತು, ಟೈರುಗಳು ಹೊಸವು, ಎಂಜಿನ್ ಒಂದೇ ಒತ್ತಿಗೆ ಹಿಡಿಯುತ್ತಿತ್ತು. ಮೂರನೆಯ ವಾರದಲ್ಲಿ ಇಳಿಜಾರಿನಲ್ಲಿ ಹಿಂಬದಿ ಬ್ರೇಕ್ ಒತ್ತಿದರೆ ಕಾಲು ಸುಮ್ಮನೆ ಕೆಳಗೆ ಹೋಯಿತು. ಆಕ್ಸಲ್ಲಿನ ತುದಿಯ ನಟ್ಟುಗಳು ತುಕ್ಕಿನಿಂದ ಒಂದಾಗಿಬಿಟ್ಟಿದ್ದವು. ಬೆಂಕಿಯಿಂದ ಕಾಯಿಸಿ, ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ, ಸುತ್ತಿಗೆಯಿಂದ ಬಡಿದು ಅವನ್ನು ಬಿಡಿಸುವುದರಲ್ಲಿ ಎರಡು ಸಂಜೆಗಳು ಹೋದವು. ಡ್ರಮ್ಮಿನ ಮುಚ್ಚಳ ತೆಗೆದಾಗ ಒಂದು ಲೋಟದಷ್ಟು ಕಂದು ನೀರು ಸುರಿದು, ಅದರ ಹಿಂದೆಯೇ ಬ್ರೇಕ್ ಶೂವಿನ ಲೈನಿಂಗ್ ಲೋಹದಿಂದ ಕಳಚಿ ಎರಡು ಹಾಳೆಯಂತೆ ಜಾರಿ ಬಿತ್ತು. ಇಷ್ಟಕ್ಕೆಲ್ಲ ಕಾರಣ ಮುಚ್ಚಳದ ಸುತ್ತ ಕೂರುವ ಒಂದು ರಬ್ಬರ್ ಸೀಲು. ಅದರ ತುಟಿ ಒಣಗಿ ಸೀಳಿತ್ತು. ಸೀಲಿನ ಬೆಲೆ ಆ ಗಾಡಿಯಲ್ಲಿ ನಾನು ಬದಲಿಸಿದ ಯಾವ ಭಾಗದ ಬೆಲೆಗಿಂತಲೂ ಕಡಿಮೆ ಇತ್ತು. ಈ ಡ್ರಮ್ಮುಗಳ ಕೆಳಗೆ ನೀರು ಬಸಿಯಲು ಸಣ್ಣ ಸ್ಕ್ರೂ ಇದ್ದರೆ, ಪ್ರತಿ ಆಯಿಲ್ ಬದಲಾವಣೆಯ ಹೊತ್ತಿಗೂ ಅದನ್ನು ತೆರೆದು ನೋಡುವುದನ್ನು ಅಂದಿನಿಂದ ತಪ್ಪಿಸಿಲ್ಲ.

ನೀರು, ಧೂಳು ಮತ್ತು ಬ್ಯಾಟರಿ

ದುಡಿಮೆಯ ಎಟಿವಿ ಓಡಿ ಸವೆಯುವುದಕ್ಕಿಂತ ನೀರು ಕುಡಿದು ಕೆಡುವುದೇ ಹೆಚ್ಚು. ಡಿಫರೆನ್ಷಿಯಲ್ಲಿನ ಒಳಗೆ ಗಾಳಿ ಇರುತ್ತದೆ, ಕೆಲಸ ಮಾಡುವಾಗ ಅದು ಕಾಯುತ್ತದೆ. ಕಾದ ಗಾಡಿಯನ್ನು ತಣ್ಣನೆಯ ಹಳ್ಳಕ್ಕೆ ಇಳಿಸಿದಾಗ ಆ ಗಾಳಿ ಒಮ್ಮೆಲೆ ಕುಗ್ಗಿ ಒಳಗೆ ಸೆಳೆತ ಉಂಟಾಗುತ್ತದೆ. ಉಸಿರಾಟದ ಸಣ್ಣ ಹೋಸ್ ತೆರೆದಿದ್ದರೆ ಅದು ಮೇಲಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಕಣಜದ ಗೂಡೋ ಕೆಸರೋ ಅದನ್ನು ಮುಚ್ಚಿದ್ದರೆ ಸೀಲಿನ ತುಟಿಯ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ವರ್ಷಕ್ಕೆರಡು ಸಲ ಎಲ್ಲ ಉಸಿರಾಟದ ಹೋಸುಗಳನ್ನು ಬಿಡಿಸಿ ಬಾಯಿಂದ ಊದಿ ನೋಡುವುದು ಹೊಸ ಸೀಲು ಹಾಕುವುದಕ್ಕಿಂತ ಮುಖ್ಯವಾದ ಕೆಲಸ. ತೊಳೆಯುವಾಗ ಹೆಚ್ಚು ಒತ್ತಡದ ನೀರನ್ನು ಚಕ್ರದ ನಡುವಿಗೆ, ಸಿವಿ ಕೀಲಿಗೆ, ರೇಡಿಯೇಟರಿನ ರೆಕ್ಕೆಗಳಿಗೆ, ವೈರಿಂಗಿನ ಜೋಡಣೆಗಳಿಗೆ ನೇರವಾಗಿ ಹಿಡಿಯಬಾರದು.

ಸ್ಪಂಜಿನ ಏರ್ ಫಿಲ್ಟರನ್ನು ತೊಳೆದು, ಪೂರ್ತಿ ಒಣಗಿಸಿ, ಅದಕ್ಕೆಂದೇ ಇರುವ ಅಂಟು ಎಣ್ಣೆಯಲ್ಲಿ ನೆನೆಸಿ ಅದುಮಿ ಹಿಂಡಬೇಕು. ಬಟ್ಟೆಯಂತೆ ತಿರುಚಿದರೆ ಹೊಲಿಗೆ ಬಿಡುತ್ತದೆ. ಅಂಚು ಕೂರುವ ಜಾಗಕ್ಕೆ ತೆಳುವಾಗಿ ಗ್ರೀಸ್ ಸವರಿದರೆ ಪಕ್ಕದಿಂದ ಧೂಳು ನುಸುಳುವುದಿಲ್ಲ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಗಾಡಿ ಓಡುವ ನೆಲವೇ ತೀರ್ಮಾನಿಸುತ್ತದೆ.

ಎಂಜಿನ್ ಆಯಿಲನ್ನು ಹೊಸ ಗಾಡಿಯಲ್ಲಿ ಮೊದಲ 20 ಗಂಟೆಗೆ, ಆಮೇಲೆ ಕೈಪಿಡಿ ಹೇಳಿದಂತೆ, ಸಾಮಾನ್ಯವಾಗಿ 100 ಗಂಟೆಯ ಆಸುಪಾಸಿನಲ್ಲಿ ಬದಲಿಸಬೇಕು. ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು, ಏಕೆಂದರೆ ಐದು ನಿಮಿಷ ಓಡಿ ನಿಲ್ಲುವ ಗಾಡಿಯ ಆಯಿಲಿನಲ್ಲಿ ತೇವ ಕೂಡುತ್ತಲೇ ಹೋಗುತ್ತದೆ. ಕ್ಲಚ್ಚು ಆಯಿಲಿನಲ್ಲಿ ಮುಳುಗಿರುವ ಗಾಡಿಗೆ ಡಬ್ಬಿಯ ಮೇಲೆ ಜಾಸೊ ಎಂಎ ಎಂಬ, ಇಂಥ ಕ್ಲಚ್ಚಿಗೆ ಹೊಂದುತ್ತದೆ ಎನ್ನುವ ಗುರುತು ಇರುವ ಆಯಿಲೇ ಬೇಕು. ಇಂಧನ ಉಳಿಸುವ ಕಾರಿನ ಆಯಿಲಿನಲ್ಲಿ ಘರ್ಷಣೆ ತಗ್ಗಿಸುವ ಅಂಶಗಳಿದ್ದು ಕ್ಲಚ್ಚು ಜಾರಬಹುದು. ಮುಂಬದಿ ಡಿಫರೆನ್ಷಿಯಲ್ಲಿನಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪೊಲಾರಿಸ್ ಗಾಡಿಗಳಲ್ಲಿ ರೋಲರುಗಳನ್ನು ವಿದ್ಯುತ್ ಸುರುಳಿಯಿಂದ ಹಿಡಿಸುವ ರಚನೆ ಇದೆ, ಕ್ಯಾನ್-ಆಮ್ ಗಾಡಿಗಳ ವಿಸ್ಕೊ-ಲಾಕ್ ದಪ್ಪ ದ್ರವದ ಒತ್ತಡದಿಂದ ಹಿಡಿಯುತ್ತದೆ. ಇವೆಲ್ಲಕ್ಕೂ ಒಂದೇ ಗೇರ್ ಆಯಿಲ್ ಸುರಿಯುವುದು ನಾಲ್ಕು ಚಕ್ರದ ಗಾಡಿಯನ್ನು ಎರಡು ಚಕ್ರದ್ದಾಗಿ ಮಾಡಿಕೊಳ್ಳುವ ಸುಲಭ ಉಪಾಯ.

ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂದಾಗ ತೊಂದರೆ ಮಾಯವಾಗಲಿಲ್ಲ, ಜಾಗ ಬದಲಿಸಿತು. ಹಳೆಯ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಕಾರ್ಬ್ಯುರೇಟರಿನ ಬಟ್ಟಲನ್ನು ಬರಿದು ಮಾಡದಿದ್ದರೆ ಪೆಟ್ರೋಲ್ ಒಣಗಿ ಸಣ್ಣ ರಂಧ್ರಗಳಲ್ಲಿ ಅರಗಿನಂತೆ ಕಟ್ಟಿಕೊಳ್ಳುತ್ತದೆ. ಹೊಸ ಗಾಡಿಯಲ್ಲಿ ಆ ಕೆಲಸ ಇಲ್ಲ, ಆದರೆ ಪಂಪು, ಕಂಪ್ಯೂಟರು, ಪವರ್ ಸ್ಟೀರಿಂಗು ಎಲ್ಲವೂ ಬ್ಯಾಟರಿಯನ್ನೇ ನಂಬಿವೆ. ಬ್ಯಾಟರಿ ಬಡವಾದರೆ ಸ್ಟೀರಿಂಗ್ ಕೆಟ್ಟಿದೆ, ಸೆನ್ಸರ್ ಕೆಟ್ಟಿದೆ ಎಂದು ಮೀಟರು ಸುಳ್ಳು ಹೇಳತೊಡಗುತ್ತದೆ, ನಾವು ಅದನ್ನು ನಂಬಿ ಬೆಲೆಬಾಳುವ ಭಾಗಗಳನ್ನು ಬದಲಿಸುತ್ತೇವೆ. ಮೊದಲು ವೋಲ್ಟ್‌ಮೀಟರ್ ಇಟ್ಟು ನೋಡಬೇಕು: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 13.5ರಿಂದ 14.5ರ ನಡುವೆ ಇರಬೇಕು. ಓಡುವಾಗಲೂ ಏರದಿದ್ದರೆ ಚಾರ್ಜಿಂಗ್ ಸುರುಳಿ, ರೆಗ್ಯುಲೇಟರ್, ಅರ್ಥಿಂಗ್ ತಂತಿ ಈ ಮೂರರ ಕಡೆ ಹೋಗಬೇಕು. ವಿಂಚ್ ಬಳಸುವಾಗ ಎಂಜಿನ್ನಿನ ವೇಗವನ್ನು ಸ್ವಲ್ಪ ಏರಿಸಿಟ್ಟುಕೊಂಡರೆ ಬ್ಯಾಟರಿಯ ಆಯುಷ್ಯ ಉಳಿಯುತ್ತದೆ.

ಟೈರಿನ ಗಾಳಿಯನ್ನು ಕಾರಿನ ಗೇಜಿನಿಂದ ಅಳೆಯಲಾಗದು. ಈ ಟೈರುಗಳ ಒತ್ತಡ ಹಲವು ಮಾದರಿಗಳಲ್ಲಿ 4ರಿಂದ 7 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಅಷ್ಟೇ; ಒಂದು ಪಿಎಸ್‌ಐ ವ್ಯತ್ಯಾಸವೂ ಚಕ್ರದ ಸುತ್ತಳತೆಯನ್ನು ಬದಲಿಸಿ ಗಾಡಿಯನ್ನು ಒಂದು ಕಡೆಗೆ ಎಳೆಯುವಂತೆ ಮಾಡಬಲ್ಲದು. ಭಾರದ ಮಿತಿಯನ್ನು ಸ್ಟಿಕರಿನಲ್ಲಿ ಬರೆದಿರುವುದು ಅಲಂಕಾರಕ್ಕಲ್ಲ. ರಾಂಚರಿನ ಮುಂದಿನ ರ‍್ಯಾಕಿಗೆ 30 ಕಿಲೋ, ಹಿಂದಿನದಕ್ಕೆ 60, ಎಳೆಯಲು 385. ಗ್ರಿಜ್ಲಿ 700ಕ್ಕೆ 50, 90 ಮತ್ತು 600. ಚೌಕಟ್ಟಿನ ಬಿರುಕು, ಸುಟ್ಟ ಬೆಲ್ಟು, ಬಾಗಿದ ಆಕ್ಸಲ್ ಇವುಗಳ ಹಿಂದೆ ಈ ಅಂಕಿಗಳನ್ನು ಮೀರಿದ ಕಥೆ ಇರುವುದೇ ಹೆಚ್ಚು.

ಯಾವಾಗ ನಿಲ್ಲಿಸಬೇಕು

ಗಾಡಿಯೊಂದಿಗೆ ಒಂದು ನೋಟ್‌ಬುಕ್ ಇಟ್ಟು, ಪ್ರತಿ ಕೆಲಸದ ದಿನ ಮೀಟರಿನ ಗಂಟೆ, ಬದಲಿಸಿದ ಭಾಗದ ಪೂರ್ತಿ ಸಂಖ್ಯೆ, ಬಿಚ್ಚಿದ ಹಳೆಯ ಭಾಗದ ಮೇಲಿದ್ದ ಸಂಖ್ಯೆ ಇವನ್ನು ಬರೆಯುತ್ತ ಹೋದರೆ ಕೆಲವು ವರ್ಷಗಳಲ್ಲಿ ಯಾವ ಸೀಲು ಎಷ್ಟು ಗಂಟೆ ಬಾಳುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ತಯಾರಕರು ಒಂದು ಮಾದರಿಯನ್ನು ನಿಲ್ಲಿಸಿದ ಸುದ್ದಿ ಬಂದ ವರ್ಷವೇ ಆ ಮಾದರಿಗೆ ಮಾತ್ರ ಸೇರಿದ ಸೀಲು, ಗ್ಯಾಸ್ಕೆಟ್, ರಬ್ಬರ್ ತೊಡುಗೆಗಳನ್ನು ಒಂದೆರಡು ಜೊತೆ ಕೊಂಡು, ಬಿಸಿಲು ತಾಗದಂತೆ ಕಟ್ಟಿಡಬೇಕು. ಎಂಜಿನ್ನಿನ ಹೆಚ್ಚಿನ ಭಾಗಗಳನ್ನು ಮುಂದೆಯೂ ಹೊಂದಿಸಬಹುದು; ಕಾಣೆಯಾಗುವುದು ಇಂಥ ಸಣ್ಣ ರಬ್ಬರುಗಳೇ.

ಎಂಜಿನ್ ಸವೆದರೆ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸಬಹುದು, ಗೇರ್ ಸವೆದರೆ ಬದಲಿಸಬಹುದು. ಸ್ವಿಂಗ್ ಆರ್ಮ್ ಅಥವಾ ಎ-ಆರ್ಮ್ ಕೂರುವ ಜಾಗದಲ್ಲಿ ಚೌಕಟ್ಟಿನ ಕೊಳವೆ ಒಳಗಿನಿಂದ ತುಕ್ಕು ತಿಂದಿದ್ದರೆ ಮಾತ್ರ ಬೆಸುಗೆಯನ್ನು ನಂಬಲಾಗದು. ಕೆಸರನ್ನು ಕೆರೆದು, ಆ ಜಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ಕೊಳವೆ ಠಣ್ ಎನ್ನುತ್ತದೆ, ತಿಂದುಹೋದದ್ದು ಮಡಕೆಯ ಹಾಗೆ ದಬ್ ಎನ್ನುತ್ತದೆ. ಹಾಗೆಂದ ಗಾಡಿಯ ಎಂಜಿನ್, ಡಿಫರೆನ್ಷಿಯಲ್, ಚಕ್ರ, ವೈರಿಂಗ್ ಎಲ್ಲವನ್ನೂ ಬಿಚ್ಚಿ, ಸಂಖ್ಯೆ ಬರೆದ ಚೀಟಿ ಕಟ್ಟಿ, ಅದೇ ತಲೆಮಾರಿನ ಇನ್ನೊಂದು ಗಾಡಿಗೆಂದು ತೆಗೆದಿಡಬೇಕು.